ದೀಪಾವಳಿ ಗಿಫ್ಟ್: ಮೊದಲು ಪಟ್ಟಿ, ಆಮೇಲೆ ಪೇಟೆ

ದೀಪಾವಳಿ ಹತ್ತಿರ ಬಂತೆಂದರೆ ಬಳ್ಳಾರಿಯ ಅಂಗಡಿಗಳಲ್ಲಿ ಡ್ರೈಫ್ರೂಟ್ ಡಬ್ಬಿಗಳ ರಾಶಿ. ಕಂಪನಿಗಳು ಕೊಂಡು ಹಂಚುತ್ತವೆ, ಪಡೆದವರು ಬಿಚ್ಚದೆಯೇ ಇನ್ನೊಬ್ಬರಿಗೆ ದಾಟಿಸುತ್ತಾರೆ. ಹಾಗಾಗಬಾರದು ಅಂದರೆ ಎರಡು ತಿಂಗಳು ಮೊದಲೇ ಕೂತು ಪಟ್ಟಿ ಮಾಡಿ.

ಅಕೌಂಟ್ಸ್‌ನವರಿಂದ ಪಾರ್ಟಿಗಳ, ಅಂದರೆ ನಿಮ್ಮ ಜೊತೆ ವ್ಯವಹಾರ ಮಾಡುವವರ, ಹೆಸರು ತೆಗೆಸಿ. ದೊಡ್ಡ ಸಾಹುಕಾರರನ್ನು ಯಾರೂ ಮರೆಯುವುದಿಲ್ಲ. ಬಿಟ್ಟುಹೋಗುವುದು ನಿಮ್ಮದೇ ಗೋದಾಮಿನ ಹಮಾಲರು, ಗೇಟಿನ ವಾಚ್‌ಮನ್. ದೊಡ್ಡ ಕಂಪನಿಗಳಲ್ಲಿ ಗಿಫ್ಟ್ ತೆಗೆದುಕೊಳ್ಳಬಾರದು ಎಂಬ ನಿಯಮ ಇರಬಹುದು, ಮೊದಲೇ ಕೇಳಿಬಿಡಿ. ಸರ್ಕಾರಿ ಅಧಿಕಾರಿಗಳ ಹೆಸರನ್ನಂತೂ ಬರೆಯಲೇಬೇಡಿ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಿ ತಿದ್ದುಪಡಿ ಬಂದ ಮೇಲೆ ಲಂಚ ಕೊಟ್ಟವರೂ, ಅವರ ಕಂಪನಿಯೂ ಸಿಕ್ಕಿಬೀಳುತ್ತಾರೆ.

ಬಜೆಟ್ ಹಾಕುವಾಗ ಜಿಎಸ್‌ಟಿ ಸೇರಿಸಿಯೇ ಲೆಕ್ಕ ಹಿಡಿಯಿರಿ. ಗಿಫ್ಟ್ ಕೊಟ್ಟ ಮಾಲಿಗೆ ಇನ್‌ಪುಟ್ ಕ್ರೆಡಿಟ್ (ಕೊಳ್ಳುವಾಗ ಕಟ್ಟಿದ ಜಿಎಸ್‌ಟಿಯನ್ನು ಮುಂದಿನ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ) ಸಿಗುವುದಿಲ್ಲ. ಒಬ್ಬ ವ್ಯಾಪಾರಿಗೆ ವರ್ಷದಲ್ಲಿ ಕೊಟ್ಟದ್ದು 20,000 ರೂಪಾಯಿ ದಾಟಿದರೆ ಶೇ 10ರಷ್ಟು ಟಿಡಿಎಸ್ (ಮೂಲದಲ್ಲೇ ಕಡಿತವಾಗುವ ಆದಾಯ ತೆರಿಗೆ) ಕಟ್ಟುವ ನಿಯಮ 2022ರ ಜುಲೈಯಿಂದ ಇದೆ. ಗಿಫ್ಟ್ ಕೊಡುವ ಸಣ್ಣ ವ್ಯಾಪಾರಿಗಳಿಗೆ ಇದರಲ್ಲಿ ವಿನಾಯಿತಿ ಉಂಟು. ನಿಮಗೆ ಅನ್ವಯಿಸುತ್ತದೋ ಇಲ್ಲವೋ, ಆಡಿಟರ್ ಹತ್ತಿರ ಒಂದು ಮಾತು ಕೇಳಿ.

ಇನ್ನು ವಸ್ತು. ಭತ್ತ ಬೆಳೆಯುವ ಸಿಂಧನೂರಿನವರಿಗೆ ಸೋನಾ ಮಸೂರಿ ಅಕ್ಕಿ ಚೀಲ ಕೊಟ್ಟರೆ ನಕ್ಕುಬಿಡುತ್ತಾರೆ. ಅದೇ ಐದು ಕೆಜಿ ಚೀಲ ಬೆಂಗಳೂರಿನ ಪಾರ್ಟಿಗೆ ಹೋದರೆ ಮನೆಯವರು ಮುಂದಿನ ವರ್ಷವೂ ಕೇಳುತ್ತಾರೆ. ನನ್ನ ಆಯ್ಕೆ ಕೇಳಿದರೆ, ಕೊಪ್ಪಳದ ಪಕ್ಕದ ಕಿನ್ನಾಳದ ಗೊಂಬೆ. ಹಗುರ ಮರ ಕೆತ್ತಿ, ಹುಣಸೆಬೀಜದ ಅಂಟು ಬಳಸಿ, ಕೈಯಿಂದಲೇ ಬಣ್ಣ ಹಚ್ಚುತ್ತಾರೆ. ದೇವರ ಮೂರ್ತಿಗಿಂತ ಹಕ್ಕಿ, ಹಣ್ಣು ಆರಿಸಿ, ಯಾವ ಮನೆಗಾದರೂ ಸಲ್ಲುತ್ತದೆ. ಮೊದಲು ಒಂದೇ ಒಂದು ತರಿಸಿ ನೋಡಿ. ಹೆಬ್ಬೆರಳಿನಿಂದ ಉಜ್ಜಿದಾಗ ಬಣ್ಣ ಹತ್ತಬಾರದು, ಕೊಕ್ಕು ಅಲುಗಾಡಬಾರದು. ಕೈಕೆಲಸ ಆದ್ದರಿಂದ ಒಂದರಂತೆ ಇನ್ನೊಂದು ಇರುವುದಿಲ್ಲ, ಅದಕ್ಕೆ ತಕರಾರು ತೆಗೆಯಬೇಡಿ. ವಾರಕ್ಕೆ ಮುಂಚೆ ಫೋನ್ ಮಾಡಿ ನೂರು ಬೇಕು ಅಂದರೆ ಆಗದ ಮಾತು.

ಸಂಡೂರಿನ ಲಂಬಾಣಿ ಕಸೂತಿಯ ಚೀಲ, ಪರ್ಸ್‌ಗೂ ಇದೇ ಮಾತು. 2023ರಲ್ಲಿ ಹಂಪಿಯ ಜಿ20 ಸಭೆಯ ಹೊತ್ತಿಗೆ 1,755 ಲಂಬಾಣಿ ಕಸೂತಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಸೇರಿದ ಮೇಲೆ ಹೊರಗಿನವರೂ ಇದನ್ನು ಗುರುತಿಸುತ್ತಾರೆ. ಕೊಳ್ಳುವಾಗ ಚೀಲವನ್ನು ಒಳಮೈ ತಿರುವಿ ನೋಡಿ. ಗಂಟು ಬಿಗಿಯಾಗಿದ್ದು ಕನ್ನಡಿ ಅಲುಗದಿದ್ದರೆ ಸರಿ.

ಕಂಪನಿಯ ಹೆಸರು ಡಬ್ಬಿಯ ಮೇಲಿರಲಿ. ಗೊಂಬೆಯ ಹೊಟ್ಟೆಯ ಮೇಲೆ ಲೋಗೋ ಅಂಟಿಸಿದರೆ ಅದನ್ನು ಯಾರು ಶೋಕೇಸಿನಲ್ಲಿ ಇಡುತ್ತಾರೆ?

ಅಮಾವಾಸ್ಯೆಯ ದಿನ ಹೋಗಬೇಡಿ, ಅಂಗಡಿಯವರು ಲಕ್ಷ್ಮೀಪೂಜೆಯ ಗಡಿಬಿಡಿಯಲ್ಲಿರುತ್ತಾರೆ. ಮೂರ್ನಾಲ್ಕು ದಿನ ಮೊದಲೇ ಮಾಲೀಕರೋ ಮ್ಯಾನೇಜರೋ ಖುದ್ದಾಗಿ ಹೋಗಿ ಕೊಡಲಿ. ಡ್ರೈವರ್ ಕೈಯಲ್ಲಿ ಸುಮ್ನೆ ಕಳಿಸಿದರೆ ಕೊರಿಯರ್ ಬಂದಂತಾಗುತ್ತದೆ. ರಂಜಾನ್‌ಗೆ ಕೊಡಬೇಕಾದ ಪಾರ್ಟಿಗಳಿಗೆ ಆಗಲೇ ಕೊಡಿ. ನಾಲ್ಕೈದು ಜಾಸ್ತಿಯೇ ತರಿಸಿಡಿ. ಪಟ್ಟಿಯಲ್ಲಿಲ್ಲದ ಯಾರಾದರೂ ಹಬ್ಬದ ಹಿಂದಿನ ದಿನ ಆಫೀಸಿಗೆ ಬಂದೇ ಬರುತ್ತಾರೆ.