ತೂಕ ನೋಡೋದು ಬಿಟ್ಟ ಮೇಲೆ ಕಣ್ಣಿಗೆ ಬಿದ್ದ ಮಕ್ಕಳು

"ಮಗು ಸಣ್ಣಗೇನೂ ಆಗಿಲ್ಲವಲ್ಲ, ಊಟದ ಕಾಯಿಲೆ ಎಲ್ಲಿಂದ ಬರುತ್ತೆ ಮೇಡಂ?" ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಈ ಮಾತು ಎಷ್ಟು ಸಲ ಕೇಳಿದ್ದೇನೋ. ಮೊದಲು ನಾನೂ ಹಾಗೇ ಅಂದುಕೊಂಡಿದ್ದೆ. ಒಬ್ಬ ಹುಡುಗಿಯನ್ನು ತೂಕ ಸರಿಯಾಗಿದೆ ಅಂತ ವಾಪಸ್ ಕಳಿಸಿದೆ. ಎರಡು ತಿಂಗಳಲ್ಲಿ ಅವಳು ಮೆಟ್ಟಿಲ ಮೇಲೆ ತಲೆ ಸುತ್ತಿ ಬಿದ್ದಳು. ವಾಂತಿ ಮಾಡಿ ಮಾಡಿ ರಕ್ತದಲ್ಲಿ ಪೊಟ್ಯಾಸಿಯಂ ಇಳಿದಿತ್ತು, ಹೃದಯಕ್ಕೇ ಅಪಾಯ. ಬುಲಿಮಿಯಾದಲ್ಲಿ, ಅಂದರೆ ಮಿತಿಮೀರಿ ತಿಂದು ಆಮೇಲೆ ವಾಂತಿಯಂಥ ದಾರಿಯಿಂದ ಹೊರಹಾಕುವ ಕಾಯಿಲೆಯಲ್ಲಿ, ತೂಕ ಮಾಮೂಲಾಗೇ ಇರಬಹುದು ಅಂತ ಓದಿದ್ದೆ. ಎದುರಿಗೇ ಕೂತಿದ್ದಾಗ ಅದು ನೆನಪಾಗಲಿಲ್ಲ. ಅವತ್ತೇ ನನ್ನ ಕೋಣೆಯಿಂದ ತೂಕದ ಯಂತ್ರ ತೆಗೆಸಿದೆ.

ಆಮೇಲೆ ದುಡ್ಡು ಸುರಿದೆ. ವಾರಾಂತ್ಯದ ತರಬೇತಿಗಳು, ನನ್ನ ದುಡ್ಡಲ್ಲಿ ಅಚ್ಚು ಹಾಕಿಸಿದ ಪುಸ್ತಿಕೆ, ಎಲ್ಲ ಸೇರಿ ಹತ್ತಿರ ಹತ್ತಿರ ಒಂದು ತಿಂಗಳ ಸಂಬಳ. ಪುಸ್ತಿಕೆಯನ್ನು ಯಾರೂ ಓದಲಿಲ್ಲ. ತರಗತಿಯಲ್ಲಿ ಈ ಕಾಯಿಲೆಗಳ ಬಗ್ಗೆ ಪಾಠ ಮಾಡಿದ್ದು ಇನ್ನೂ ದೊಡ್ಡ ತಪ್ಪು. ಮುಚ್ಚಿಡೋದು ಹೇಗೆ ಅಂತ ಕೆಲವು ಮಕ್ಕಳು ಅಲ್ಲೇ ಕಲಿತರು. ಏನು ತಿಂದೆ ಅಂತ ಡೈರಿ ಬರೆಸಿ ನೋಡಿದೆ. ಕ್ಯಾಲೊರಿ ಎಣಿಸೋದು ಜಾಸ್ತಿ ಆಯಿತು. ಎರಡೇ ವಾರಕ್ಕೆ ನಿಲ್ಲಿಸಿದೆ.

ಊಟದ ಕಾಯಿಲೆ ಇರಬಹುದಾ ಅಂತ ಮೊದಲ ಹಂತದಲ್ಲಿ ಗುರುತಿಸೋಕೆ ಸ್ಕಾಫ್ (SCOFF) ಅನ್ನೋ ಪ್ರಶ್ನಾವಳಿ ಇದೆ. ಅದರ ಐದು ಪ್ರಶ್ನೆ ಈ ಕೆಲಸ ಮಾಡುವ ನಮಗೆಲ್ಲ ಗೊತ್ತು, 1999ರಿಂದ ಇದೆ. ಎರಡಕ್ಕಾದರೂ 'ಹೌದು' ಬಂದರೆ ವೈದ್ಯರ ಹತ್ತಿರ ಕಳಿಸಬೇಕು. ಆದರೆ ನನ್ನ ಕೈಯಲ್ಲಿ ಕಾಗದ ಕಂಡರೆ ಮಕ್ಕಳು ಐದಕ್ಕೂ 'ಇಲ್ಲ' ಅನ್ನುತ್ತಿದ್ದರು. ಕಾಗದ ಬಿಟ್ಟೆ. ನಿದ್ದೆ, ಚಳಿ, ಸುಸ್ತು, ಗೆಳತಿಯರ ಜೊತೆ ಊಟಕ್ಕೆ ಕೂರೋದು, ಇವುಗಳ ಮಾತಿನ ನಡುವೆ ಆ ಪ್ರಶ್ನೆಗಳನ್ನು ಸೇರಿಸಿದೆ. ಯಾವುದರಿಂದ ಶುರು ಮಾಡುತ್ತೇನೆ ಅಂತ ಇಲ್ಲಿ ಬರೆಯಲ್ಲ. ಮಕ್ಕಳೂ ಓದುತ್ತಾರಲ್ವಾ.

ಊಟದ ಹಾಲ್‌ನಲ್ಲಿ ಬಡಿಸುವವರನ್ನೂ ಕೇಳತೊಡಗಿದೆ. ಯಾವ ತಟ್ಟೆ ತುಂಬಿದ ಹಾಗೇ ವಾಪಸ್ ಬರುತ್ತೆ, ಯಾರು ಉಂಡ ಕೂಡಲೇ ಬಾತ್‌ರೂಮಿಗೆ ಓಡುತ್ತಾರೆ ಅಂತ ನಮಗಿಂತ ಅವರಿಗೆ ಚೆನ್ನಾಗಿ ಗೊತ್ತು. ತಂದೆತಾಯಿಗೆ ಕಾಯಿಲೆಯ ಹೆಸರು ಹೇಳಲ್ಲ. ಕಂಡದ್ದನ್ನು ಹೇಳುತ್ತೇನೆ, ಇದು ನಿಮ್ಮ ತಪ್ಪಲ್ಲ ಅನ್ನುತ್ತೇನೆ, ಅದೇ ವಾರ ವೈದ್ಯರನ್ನು ನೋಡಿ ಅನ್ನುತ್ತೇನೆ. ಮೂರು ವರ್ಷದಲ್ಲಿ ಸುಮಾರು ಇಪ್ಪತ್ತು ಮಕ್ಕಳನ್ನು ಕಳಿಸಿದ್ದೇನೆ. ಹದಿಮೂರೋ ಹದಿನಾಲ್ಕೋ ಮಕ್ಕಳ ವಿಷಯದಲ್ಲಿ ನನ್ನ ಅನುಮಾನ ನಿಜವಾಯಿತು. ಅವರಲ್ಲಿ ಅರ್ಧಕ್ಕಿಂತ ಜಾಸ್ತಿ ಮಕ್ಕಳು ಸಣ್ಣಗಿರಲಿಲ್ಲ.

ಹುಡುಗರ ವಿಷಯದಲ್ಲಿ ಈಗಲೂ ಕಷ್ಟ. ಸ್ಕಾಫನ್ನು ಮೊದಲು ಪರೀಕ್ಷಿಸಿದ್ದು ವಯಸ್ಕ ಹೆಂಗಸರ ಮೇಲೆ. ಮೈ ಕಟ್ಟಬೇಕು ಅನ್ನೋ ಹುಡುಗ 'ದಪ್ಪಗಿದ್ದೀನಿ ಅನ್ಸುತ್ತಾ' ಅಂದರೆ 'ಇಲ್ಲ' ಅಂತಲೇ ಹೇಳುತ್ತಾನೆ. ಹೋದ ವರ್ಷ ಓಟದ ಹುಡುಗನೊಬ್ಬ ಹೀಗೇ ತಪ್ಪಿಸಿಕೊಂಡಿದ್ದ. ಅವನನ್ನು ಕೈ ಹಿಡಿದು ನನ್ನ ಕೋಣೆಗೆ ಕರೆತಂದವರು ಪಿಟಿ ಮೇಷ್ಟ್ರು. ಸ್ಟಾಫ್ ರೂಮಿನಲ್ಲಿ ಆ ಮಾತನ್ನು ಎಲ್ಲರಿಗಿಂತ ಜಾಸ್ತಿ ಹೇಳುತ್ತಿದ್ದವರು ಅವರೇ.