ಬಾರ್ಬೆಲ್ ರೋ: ಎಳೆಯುವ ಮೊದಲು ಬಾಗಲು ಕಲಿಯಿರಿ

ಬಾರ್ಬೆಲ್ ರೋ, ಅಂದರೆ ಮುಂದಕ್ಕೆ ಬಾಗಿ ನಿಂತು ಭಾರದ ರಾಡನ್ನು ಹೊಟ್ಟೆಯ ಕಡೆ ಎಳೆಯುವ ವ್ಯಾಯಾಮ, ಕೆಡುವುದು ಸಾಮಾನ್ಯವಾಗಿ ಕೈಯಲ್ಲಲ್ಲ, ಸೊಂಟದಲ್ಲಿ. ಬಾಗಿದ ಭಂಗಿ ಅಲುಗಾಡದೆ ನಿಂತರೆ ಮಾತ್ರ ಭಾರ ಬೆನ್ನಿನ ಸ್ನಾಯುಗಳ ಮೇಲೆ ಬೀಳುತ್ತದೆ. ಹಾಗಾಗಿ ಮೊದಲು ರಾಡ್ ಮುಟ್ಟದೆ ಬಾಗುವುದನ್ನು ರೂಢಿಸಿಕೊಳ್ಳಿ.

ಗೋಡೆಗೆ ಬೆನ್ನು ಮಾಡಿ ಒಂದು ಗೇಣು ಮುಂದೆ ನಿಲ್ಲಿ. ಮೊಣಕಾಲು ತುಸು ಸಡಿಲಿಸಿ, ಪೃಷ್ಠವನ್ನು ಹಿಂದಕ್ಕೆ ತಳ್ಳಿ ಗೋಡೆಗೆ ತಾಗಿಸಿ. ತೊಡೆಯ ಹಿಂಭಾಗ ಬಿಗಿಯಾದರೆ ಸರಿಯಾಗಿ ಬಾಗಿದ್ದೀರಿ. ನಡುಬೆನ್ನು ಎಳೆದರೆ ಬಾಗಿದ್ದು ಬೆನ್ನುಮೂಳೆಯಿಂದ. ಬೆನ್ನುದ್ದಕ್ಕೆ ಒಂದು ಕೋಲು ಇಟ್ಟುಕೊಂಡು ಪರೀಕ್ಷಿಸಬಹುದು: ತಲೆಯ ಹಿಂಭಾಗ, ಮೇಲ್ಬೆನ್ನು, ಬಾಲಮೂಳೆ, ಈ ಮೂರೂ ಕಡೆ ಕೋಲು ತಾಗಿಯೇ ಇರಬೇಕು.

ಇನ್ನು ರಾಡ್. ಪುರುಷರ ಒಲಿಂಪಿಕ್ ರಾಡ್ 20 ಕೆ.ಜಿ., ಮಹಿಳೆಯರದು 15. ಸಣ್ಣ ಜಿಮ್‌ಗಳ ತೆಳು ರಾಡ್‌ಗಳು ಇದಕ್ಕಿಂತ ಹಗುರವಾಗಿರುತ್ತವೆ, ತೂಗಿ ನೋಡದೆ ಲೆಕ್ಕ ಬರೆದಿಡಬೇಡಿ. ಪಾದಗಳನ್ನು ಸೊಂಟದಗಲಕ್ಕೆ ಇಟ್ಟು, ರಾಡ್ ಶೂ ಲೇಸಿನ ನೇರಕ್ಕೆ ಬರುವಂತೆ ನಿಲ್ಲಿ. ಅಂಗೈ ನಿಮ್ಮ ಕಡೆ ಇರಲಿ, ಹಿಡಿತ ಭುಜಕ್ಕಿಂತ ನಾಲ್ಕು ಬೆರಳು ಅಗಲ, ಹೆಬ್ಬೆರಳು ರಾಡನ್ನು ಸುತ್ತಿರಲಿ. ಡೆಡ್‌ಲಿಫ್ಟ್‌ನಂತೆ, ಅಂದರೆ ಬೆನ್ನು ನೇರವಿಟ್ಟು ನೆಲದಿಂದ ಎತ್ತಿ ನೇರ ನಿಂತು, ಆಮೇಲೆ ಪೃಷ್ಠ ಹಿಂದಕ್ಕೆ ತಳ್ಳುತ್ತ ಬಾಗಿ. ಎದೆ ನೆಲಕ್ಕೆ ಹೆಚ್ಚುಕಡಿಮೆ ಸಮಾನಾಂತರವಾದರೆ ಉತ್ತಮ. ಹೊಸಬರಿಗೆ 30ರಿಂದ 45 ಡಿಗ್ರಿ ಮೇಲಿದ್ದರೂ ನಡೆಯುತ್ತದೆ. ದೃಷ್ಟಿ ಒಂದು ಮೀಟರ್ ಮುಂದಿನ ನೆಲದ ಮೇಲಿರಲಿ. ಕನ್ನಡಿ ನೋಡಲು ಕತ್ತೆತ್ತುವ ಚಟ ಬಿಡಿ, ಪಕ್ಕದಿಂದ ಮೊಬೈಲಿನಲ್ಲಿ ವಿಡಿಯೊ ಮಾಡಿಸಿಕೊಳ್ಳಿ.

ಉಸಿರೆಳೆದು ಹೊಟ್ಟೆ ಬಿಗಿಹಿಡಿಯಿರಿ. ಕೈಯಿಂದಲ್ಲ, ಮೊಣಕೈಯನ್ನು ಮೇಲಕ್ಕೆ ಒಯ್ಯುತ್ತಿದ್ದೇನೆ ಎಂದುಕೊಂಡು ಎಳೆಯಿರಿ. ರಾಡ್ ಹೊಕ್ಕಳಿಗೂ ಕೆಳಪಕ್ಕೆಲುಬಿಗೂ ನಡುವೆ ತಾಗಲಿ. ಇಳಿಸಲು ಎರಡು ಸೆಕೆಂಡು ತೆಗೆದುಕೊಳ್ಳಿ. ಕೆಳಗೆ ಕೈ ಪೂರ್ತಿ ನೀಳವಾದ ಮೇಲೆ ಮತ್ತೆ ಉಸಿರು. ಮೊಣಕೈ ಪಕ್ಕೆಗೆ ಹತ್ತಿರವಿದ್ದರೆ ಲ್ಯಾಟ್ಸ್‌ಗೆ (ಬೆನ್ನಿನ ಇಕ್ಕೆಲದ ಅಗಲ ಸ್ನಾಯುಗಳಿಗೆ) ಕೆಲಸ ಹೆಚ್ಚು. ಅಗಲಿಸಿ ಎದೆಯ ಕಡೆ ಎಳೆದರೆ ಮೇಲ್ಬೆನ್ನಿಗೂ ಭುಜದ ಹಿಂಭಾಗಕ್ಕೂ.

ಪ್ರತಿ ರೆಪ್‌ಗೂ (ಒಂದು ಸಲ ಎಳೆದು ಇಳಿಸಿದರೆ ಒಂದು ರೆಪ್) ಎದೆ ಮೇಲೇಳುತ್ತಿದೆಯೇ? ತೂಕ ಜಾಸ್ತಿಯಾಗಿದೆ, ಬೇರೆ ಕಾರಣ ಹುಡುಕಬೇಡಿ. ರಾಡನ್ನು ಹೊಟ್ಟೆಯ ಬಳಿ ಒಂದು ಸೆಕೆಂಡು ನಿಲ್ಲಿಸಲಾಗದಿದ್ದರೆ 5 ಕೆ.ಜಿ. ಇಳಿಸಿ. ರಾಡ್ ಮೊಣಕಾಲಿಗೆ ಬಡಿದರೆ ಪೃಷ್ಠ ಸಾಕಷ್ಟು ಹಿಂದೆ ಹೋಗಿಲ್ಲ. ಮಣಿಕಟ್ಟು ಒಳಕ್ಕೆ ಮಡಚಿದರೆ ಮುಂಗೈ ಬೇಗ ಸೋಲುತ್ತದೆ. ಮೇಲೆ ಭುಜ ಮುಂದಕ್ಕೆ ಉರುಳಿದರೆ ಅಗತ್ಯಕ್ಕಿಂತ ಹೆಚ್ಚು ಎಳೆದಿದ್ದೀರಿ.

ಬಾಗಿ ನಿಂತೇ ನಡು ಸೋಲುವವರಿಗೆ ಪೆಂಡ್ಲೆ ರೋ ಅನುಕೂಲ. ಅಮೆರಿಕದ ವೇಟ್‌ಲಿಫ್ಟಿಂಗ್ ತರಬೇತುದಾರ ಗ್ಲೆನ್ ಪೆಂಡ್ಲೆ ಅವರ ಹೆಸರಿನ ಈ ಬಗೆಯಲ್ಲಿ ಪ್ರತಿ ರೆಪ್ ನೆಲದಿಂದಲೇ ಶುರು, ನೆಲದಲ್ಲೇ ಮುಕ್ತಾಯ. ಆದರೆ ಇದಕ್ಕೆ ಎದೆ ಪೂರ್ತಿ ಸಮಾನಾಂತರವಿರಬೇಕು. 45 ಸೆಂ.ಮೀ. ವ್ಯಾಸದ ಪ್ಲೇಟ್ ಹಾಕಿದರೆ ರಾಡ್ ನೆಲದಿಂದ 22.5 ಸೆಂ.ಮೀ. ಎತ್ತರದಲ್ಲಿರುತ್ತದೆ. ಚಿಕ್ಕ ಕಬ್ಬಿಣದ ಪ್ಲೇಟ್‌ಗಳಲ್ಲಿ ಇನ್ನೂ ಕೆಳಗಿಳಿದು ಬೆನ್ನು ಗೂನಾಗುತ್ತದೆ. ಎರಡೂ ಬದಿಗೆ ಅಡಿಯಲ್ಲಿ ಮರದ ದಿಮ್ಮಿಯನ್ನೋ ಅಡ್ಡ ಮಲಗಿಸಿದ ಪ್ಲೇಟ್‌ಗಳನ್ನೋ ಇಟ್ಟು ಎತ್ತರಿಸಿ.

ಆರಂಭಕ್ಕೆ 8ರಿಂದ 10 ರೆಪ್‌ಗಳ 3 ಸೆಟ್ (ಸುತ್ತು), ನಡುವೆ 2 ನಿಮಿಷ ವಿಶ್ರಾಂತಿ, ವಾರಕ್ಕೆರಡು ಸಲ ಸಾಕು. ಮೂರೂ ಸೆಟ್‌ನಲ್ಲಿ ಹತ್ತು ಶುದ್ಧವಾಗಿ ಬಂದ ಮೇಲೆ ಎರಡೂ ಬದಿಗೆ 1.25 ಕೆ.ಜಿ. ಸೇರಿಸಿ. ಆ ಪ್ಲೇಟ್ ಜಿಮ್‌ನಲ್ಲಿ ಇಲ್ಲವೇ? ಹನ್ನೆರಡು ರೆಪ್‌ವರೆಗೆ ಹೋಗಿ, ಆಮೇಲೆ ಒಟ್ಟು 5 ಕೆ.ಜಿ. ಏರಿಸಿ. ಭಾರಿ ಡೆಡ್‌ಲಿಫ್ಟ್ ಮುಗಿದ ಕೂಡಲೇ ಇದಕ್ಕೆ ಇಳಿಯಬೇಡಿ, ಆಗಲೇ ದಣಿದ ನಡು ಭಂಗಿ ಹಿಡಿಯುವುದಿಲ್ಲ.

ಸ್ನಾಯು ಉರಿದರೆ ಸರಿ. ನೋವು ಕಾಲಿಗೆ ಹರಿದರೆ ಅಥವಾ ಜೋಮು ಹಿಡಿದರೆ ಅಲ್ಲಿಗೇ ನಿಲ್ಲಿಸಿ ವೈದ್ಯರನ್ನು ಕಾಣಿ. ಡಿಸ್ಕ್ ತೊಂದರೆ ಇರುವವರು ವೈದ್ಯರು ಒಪ್ಪಿದ ಮೇಲೆ, ಓರೆ ಬೆಂಚಿಗೆ ಎದೆ ಒರಗಿಸಿ ಡಂಬೆಲ್‌ನಲ್ಲಿ ಮಾಡಿದರೆ ನಡುವಿನ ಮೇಲೆ ಭಾರ ಬಹಳ ಕಡಿಮೆ.