ಪುಂಡುವೇಷ ಬಿಟ್ಟು ಕಿರೀಟ ಕಟ್ಟಿದ ಮೇಲೆ

ಕರಾವಳಿಯ ತೆಂಕಣ ಶೈಲಿಯಾದ ತೆಂಕುತಿಟ್ಟಿನ ಯಕ್ಷಗಾನದಲ್ಲಿ ಪುಂಡುವೇಷಕ್ಕೆ, ಅಂದರೆ ಚುರುಕು ಕುಣಿತದ ತರುಣ ವೀರರ ವೇಷಕ್ಕೆ, ಆಯುಸ್ಸು ಕಡಿಮೆ. ಅಭಿಮನ್ಯು, ಬಬ್ರುವಾಹನ, ಚಂಡಮುಂಡರು, ಇವೆಲ್ಲ ಕಾಲಿನ ಬಲದ ಮೇಲೆ ನಿಂತ ವೇಷಗಳು. ಚಂಡೆ ಏರಿದ ಹಾಗೆ ಧೀಂಗಿಣ, ಅಂದರೆ ಹಾರಿ ಹಾರಿ ಸುತ್ತುವ ಕುಣಿತ, ಹೊಡೆಯಬೇಕು. ಮುಂದೆ ಕೂತ ಹುಡುಗರು ಸುತ್ತುಗಳನ್ನು ಜೋರಾಗಿ ಎಣಿಸುತ್ತಿರುತ್ತಾರೆ. ಆ ಎಣಿಕೆ ಕಿವಿಗೆ ಬಿದ್ದರೆ ನಿಲ್ಲಿಸಲು ಮನಸ್ಸೇ ಬರುವುದಿಲ್ಲ. ಮೂವತ್ತು ದಾಟುವವರೆಗೂ ನಾನು ಆ ಎಣಿಕೆಗೇ ಕುಣಿದವನು. ಆಮೇಲೆ ಮಂಡಿ ನೋವು ಶುರುವಾಯಿತು.

ನಮ್ಮಲ್ಲಿ ಇದು ಹೊಸ ಕಥೆ ಏನಲ್ಲ. ಕೋಡಂಗಿ, ಬಾಲಗೋಪಾಲ ಅಂತ ಕಥೆಗೆ ಮುಂಚಿನ ಪೂರ್ವರಂಗದಲ್ಲಿ ಕುಣಿದು ಬಂದವನು ನಿಧಾನಕ್ಕೆ ಸಣ್ಣಪುಟ್ಟ ವೇಷ ಮಾಡುತ್ತಾನೆ, ಪುಂಡುವೇಷಕ್ಕೆ ಏರುತ್ತಾನೆ. ಮೈ ಹಗುರ ಇರುವವರೆಗೆ ಅದು. ಮುಂದೆ ಕಿರೀಟ ವೇಷ. ಅರ್ಜುನ, ಕರ್ಣ, ದೇವೇಂದ್ರ, ಶಲ್ಯ. ಇಲ್ಲಿ ಕುಣಿತ ಸ್ವಲ್ಪ ಸಾಕು, ಮಾತು ಜಾಸ್ತಿ ಬೇಕು. ಕುಣಿತಕ್ಕೇ ಹೆಸರು ಮಾಡಿದವರಲ್ಲಿ ಎಷ್ಟೋ ಜನ ಈ ದಾಟಿನಲ್ಲಿ ಕಾಣೆಯಾಗುತ್ತಾರೆ. ಅವರಿಗೆ ಮಾತು ಬರುವುದಿಲ್ಲ ಅಂತಲ್ಲ. ಮೇಳದಲ್ಲಿ, ಅಂದರೆ ನಮ್ಮ ತಂಡಗಳಲ್ಲಿ, ಮಾತು ಕಲಿಸಲು ತರಗತಿ ಇಲ್ಲ, ಅಷ್ಟೇ.

ನಾಟಕದವರಿಗೆ ಇದನ್ನು ವಿವರಿಸಿದರೆ ಮೊದಲು ನಂಬುವುದಿಲ್ಲ. ಆಟದ ಕಥೆ ಇರುವ ನಮ್ಮ ಪ್ರಸಂಗ ಪುಸ್ತಕದಲ್ಲಿ ಇರುವುದು ಪದ್ಯ ಮಾತ್ರ. ಸಂಭಾಷಣೆ ಇಲ್ಲ. ಭಾಗವತರು ಪದ್ಯ ಹಾಡುತ್ತಾರೆ, ವೇಷಧಾರಿ ಕುಣಿಯುತ್ತಾನೆ, ಬಿಡ್ತಿಗೆ, ಅಂದರೆ ಕುಣಿತದ ಮುಕ್ತಾಯ, ಆಗಿ ನಿಂತ ಮೇಲೆ ಆ ಪದ್ಯಕ್ಕೆ ಅರ್ಥ ಹೇಳುತ್ತಾನೆ. ಹೇಳುತ್ತಾ ಹೇಳುತ್ತಾ ಮುಂದಿನ ಪದ್ಯಕ್ಕೆ ದಾರಿ ಮಾಡಿಕೊಡಬೇಕು. ಎದುರಿನವನು ಏನು ಕೇಳುತ್ತಾನೆ ಅಂತ ಗೊತ್ತಿರುವುದಿಲ್ಲ. ರಿಹರ್ಸಲ್ ಅನ್ನುವುದೂ ಇಲ್ಲ. ಚೌಕಿ ಅನ್ನುವ ಬಣ್ಣದ ಮನೆಯಲ್ಲಿ ನೆಲದ ಮೇಲೆ ಕೂತು, ಕನ್ನಡಿ ಹಿಡಿದು ಮುಖಕ್ಕೆ ಬಣ್ಣ ಹಚ್ಚುವಾಗ "ಇವತ್ತು ಯಾವ ಪದ್ಯ ಬಿಡುವುದು ಭಾಗವತರೇ?" ಅಂತ ಕೇಳಿಕೊಂಡರೆ ಅದೇ ನಮ್ಮ ತಯಾರಿ.

ನಾನು ಮಾತಿಗೆ ಹೊರಳಿದಾಗ ಶುರುಮಾಡಿದ್ದು ಓದಿನಿಂದ. ಕುಮಾರವ್ಯಾಸ, ಜೈಮಿನಿ, ತೊರವೆ ರಾಮಾಯಣ. ವೇಷವಿಲ್ಲದೆ ಕೂತು ಮಾತಾಡುವ ತಾಳಮದ್ದಳೆಯ ಹಳೆಯ ಕ್ಯಾಸೆಟ್‌ಗಳನ್ನೂ ಸಿಕ್ಕಷ್ಟು ಕೇಳಿದೆ. ಮಾತಿಗೇ ಹೆಸರಾದ ಶೇಣಿ ಗೋಪಾಲಕೃಷ್ಣ ಭಟ್ಟರ ತರ್ಕ, ಮಲ್ಪೆ ರಾಮದಾಸ ಸಾಮಗರ ಮಾತಿನ ಓಟ. ಕೇಳಿದ್ದನ್ನು ಹಾಗೇ ಒಪ್ಪಿಸುವ ಆಸೆ ಯಾರಿಗೆ ಇರುವುದಿಲ್ಲ ಹೇಳಿ! ನಮ್ಮ ಮೇಳದ ಹಿರಿಯ ಕಲಾವಿದರೊಬ್ಬರು ಒಂದು ದಿನ ಗೆಜ್ಜೆ ಬಿಚ್ಚುತ್ತಾ ಹೇಳಿದರು: "ಮಾರಾಯ, ನೀನು ಹೇಳಿದ್ದೆಲ್ಲ ಚಂದವೇ. ಆದರೆ ಅವ ಎಂತ ಹೇಳಿದ ಅಂತ ಕೇಳಿಸಿಕೊಂಡ್ಯಾ?"

ಅದು ಎಂಥ ಮಾತು ಅಂತ ನನಗೆ ಪೂರ್ತಿ ತಿಳಿದದ್ದು ಶಲ್ಯನ ವೇಷ ಮಾಡುವಾಗ. ಕರ್ಣಪರ್ವದ ಕಥೆ ಎಲ್ಲರಿಗೂ ಗೊತ್ತು. ಕರ್ಣ ಸರ್ಪಾಸ್ತ್ರ ಹೂಡಿ ಅರ್ಜುನನ ಕೊರಳಿಗೆ ಗುರಿ ಇಡುತ್ತಾನೆ. ಎದೆಗೆ ಇಡು ಅನ್ನುತ್ತಾನೆ ಸಾರಥಿ ಶಲ್ಯ. ಹೂಡಿದ್ದನ್ನು ಬದಲಿಸುವವನು ನಾನಲ್ಲ ಅನ್ನುತ್ತಾನೆ ಕರ್ಣ. ಕೊನೆಗೆ ಶಲ್ಯ ರಥ ಇಳಿದು ಹೋಗುತ್ತಾನೆ. ಯಾಕೆ ಹೋದ? ಅವಮಾನಕ್ಕಾ? ಅಥವಾ ಮೊದಲೇ ಧರ್ಮರಾಯನಿಗೆ ಮಾತು ಕೊಟ್ಟಿದ್ದನಲ್ಲ, ಅದಕ್ಕಾ? ಇಲ್ಲಾ, ಕಣ್ಣೆದುರೇ ಸಾಯಲು ಹೊರಟವನನ್ನು ನೋಡಲಾಗದೆಯಾ? ಉತ್ತರ ನನ್ನ ಕೈಯಲ್ಲಿ ಇಲ್ಲ. ಆ ರಾತ್ರಿ ಎದುರಿಗಿರುವ ಕರ್ಣನ ಕೈಯಲ್ಲಿ ಉಂಟು. ಒಬ್ಬ ಕಲಾವಿದನ ಕರ್ಣ ಸೊಕ್ಕಿನವನು, ಸಾರಥಿಯ ಮಾತು ಕೇಳಬೇಕಾ ಅನ್ನುವ ಧಾಟಿ. ಅವನೆದುರು ನನ್ನ ಶಲ್ಯ ಮದ್ರದ ಅರಸನಾಗಿ ಸಿಡಿದು ಇಳಿಯಬಹುದು. ಇನ್ನೊಬ್ಬರ ಕರ್ಣ ಎಲ್ಲ ಗೊತ್ತಿದ್ದೂ ಸುಮ್ಮನೆ ನಗುತ್ತಾನೆ. ಆ ನಗುವಿನೆದುರು ಸಿಟ್ಟು ತೋರಿಸಿದರೆ ಶಲ್ಯ ಸಣ್ಣವನಾಗುತ್ತಾನೆ. ಹಾಗಾದ ರಾತ್ರಿ ನಾನು ಎರಡೇ ವಾಕ್ಯ ಹೇಳಿ ಇಳಿದದ್ದು ಉಂಟು. ಭಾಗವತರು ಅರ್ಥ ಮಾಡಿಕೊಂಡು ತಕ್ಷಣ ಪದ್ಯ ಎತ್ತಿದರು.

ಭಾಗವತರ ಬಗ್ಗೆ ಒಂದು ಮಾತು ಹೇಳಲೇಬೇಕು. ವೇಷಧಾರಿ ಎಷ್ಟೇ ದೊಡ್ಡವನಾಗಲಿ, ಆಟ ನಡೆಸುವುದು ಅವರೇ. ಅರ್ಥ ಉದ್ದವಾಯಿತು ಅನ್ನಿಸಿದರೆ ಅವರ ಜಾಗಟೆ ಸಣ್ಣಗೆ ಸದ್ದು ಮಾಡುತ್ತದೆ. ಆ ಸದ್ದಿಗೆ ಸಿಟ್ಟಾಗುವ ಕಲಾವಿದರನ್ನು ನೋಡಿದ್ದೇನೆ. ನನಗೆ ಈಗ ಅದರಿಂದ ಸಮಾಧಾನವೇ.

ದೀಪಾವಳಿ ಕಳೆದು ಹೊರಟ ಮೇಳ ಮೇ ಕೊನೆಯಲ್ಲಿ, ತುಳುನಾಡಿನಲ್ಲಿ ಆಟಗಳಿಗೆ ಕೊನೆಯ ದಿನವಾದ ಪತ್ತನಾಜೆಗೆ, ಗೆಜ್ಜೆ ಬಿಚ್ಚುತ್ತದೆ. ಆಮೇಲೆ ಮಳೆಗಾಲ, ಸಂಬಳ ಇಲ್ಲ. ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಸಂಜೆ ಮನೆಮನೆಗೆ ಹೋಗಿ ಕುಣಿಯುತ್ತಾರೆ. ಕೆಲವರು ತೋಟದ ಕೆಲಸಕ್ಕೆ ಇಳಿಯುತ್ತಾರೆ. ನಾನು ಎರಡನ್ನೂ ಮಾಡಿದ್ದೇನೆ. ಹೈಸ್ಕೂಲು ಮಕ್ಕಳಿಗೆ ಹೆಜ್ಜೆ ಹೇಳಿಕೊಟ್ಟದ್ದೂ ಉಂಟು. ಅವರಲ್ಲಿ ಹುಡುಗಿಯರೇ ಜಾಸ್ತಿ, ಚುರುಕಾಗಿ ಕಲಿಯುವವರೂ ಅವರೇ. ಆದರೆ ನನ್ನನ್ನು ಬೆಳೆಸಿದ್ದು ಮಳೆಗಾಲದ ಕೂಟಗಳು, ಅಂದರೆ ತಾಳಮದ್ದಳೆ. ಅಲ್ಲಿ ವೇಷ ಇಲ್ಲ, ಕುಣಿತ ಇಲ್ಲ. ಬಿಳಿ ಪಂಚೆ, ಶಾಲು ಹಾಕಿ ಎದುರುಬದುರು ಕೂತು ಮಾತಾಡುವುದು. ಕಿರೀಟ, ಭುಜಕೀರ್ತಿ ಇದ್ದರೆ ನಿಂತಲ್ಲೇ ಅರ್ಧ ರಾಜ ಆಗಿಬಿಡುತ್ತೇವೆ. ಕೂಟದಲ್ಲಿ ಆ ಅನುಕೂಲ ಇಲ್ಲ. ನನಗೆ ಕೈ ಬೀಸಿ ಬೀಸಿ ಮಾತಾಡುವ ಅಭ್ಯಾಸ ಇತ್ತು. ಅದು ಬಿಟ್ಟುಹೋದದ್ದು ಅಲ್ಲೇ.

ಈಗ ಹೆಚ್ಚಿನ ಮೇಳಗಳಲ್ಲಿ ಕಾಲಮಿತಿ ಬಂದಿದೆ. ಬೆಳಗಿನವರೆಗೆ ನಡೆಯುತ್ತಿದ್ದ ಆಟ ನಡುರಾತ್ರಿಗೆ ಮುಗಿಯುತ್ತದೆ. ಯಕ್ಷಗಾನ ಹಾಳಾಯಿತು ಅಂತ ಗೋಳಾಡುವವರ ಸಾಲಿಗೆ ನಾನು ಸೇರುವುದಿಲ್ಲ. ಹಗಲು ನಿದ್ದೆ ಮಾಡಿ ಮಕ್ಕಳ ಮುಖ ಸರಿಯಾಗಿ ನೋಡದ ಕಲಾವಿದರ ಹೆಂಡಂದಿರನ್ನು ಕೇಳಿ, ಅವರು ಬೇರೆಯೇ ಹೇಳುತ್ತಾರೆ. ಮಾತು ಬಿಗಿಯಾದದ್ದೂ ಒಳ್ಳೆಯದೇ. ನನ್ನ ಚಿಂತೆ ಬೇರೆ. ಇಡೀ ರಾತ್ರಿಯ ಆಟದಲ್ಲಿ ಎಳೆಯರಿಗೆ ಜಾಗ ಇತ್ತು. ಸಂಜೆಯ ಪೂರ್ವರಂಗದಲ್ಲಿ, ನಸುಕಿನಲ್ಲಿ ಅರ್ಧ ಸಭೆ ತೂಕಡಿಸುವ ಹೊತ್ತಿನಲ್ಲಿ, ದೂತನೋ ಬೇಹಿನವನೋ ಆಗಿ ನಾಲ್ಕು ಮಾತು ಆಡಿ ನೋಡಬಹುದಿತ್ತು. ತಡವರಿಸಿದರೂ ಯಾರೂ ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆಟ ಚುಟುಕಾಗಿಸುವಾಗ ಮೊದಲು ಕತ್ತರಿ ಬಿದ್ದದ್ದು ಅದಕ್ಕೇ. ಈಗಿನ ಹುಡುಗರು ಧೀಂಗಿಣದಲ್ಲಿ ನಮ್ಮನ್ನು ಮೀರಿಸುತ್ತಾರೆ, ಫೋನಿನಲ್ಲಿ ಅವರ ವಿಡಿಯೋ ಓಡಾಡುತ್ತಲೇ ಇರುತ್ತದೆ. ಮಂಡಿ ಸೋತ ದಿನ ಅವರೇನು ಮಾಡಬೇಕು?

ಹಾಗಾಗಿ ಮಳೆಗಾಲದಲ್ಲಿ ನಾವು ಕೆಲವರು ಸೇರಿ, ಯಾರದಾದರೂ ಮನೆಯ ಚಾವಡಿಯಲ್ಲಿ ಸಣ್ಣ ಕೂಟ ಇಟ್ಟುಕೊಳ್ಳುತ್ತೇವೆ. ವಾಲಿವಧೆ ತೆಗೆದುಕೊಂಡರೆ ರಾಮನ ಅರ್ಥ ಹುಡುಗನಿಗೆ, ವಾಲಿ ನಾನು. ಮರದ ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ ಅಂತ ನಾನು ಕೇಳುತ್ತೇನೆ, ಅವನು ಉತ್ತರ ಕೊಡಬೇಕು. ಮನೆಯಿಂದ ಬರೆದುಕೊಂಡು ಬರುವ ಹಾಗಿಲ್ಲ, ಯೂಟ್ಯೂಬಿನಲ್ಲಿ ಕೇಳಿದ್ದನ್ನು ಒಪ್ಪಿಸುವ ಹಾಗಿಲ್ಲ. ಕಳೆದ ಮಳೆಗಾಲದಲ್ಲಿ ಒಬ್ಬ ಹುಡುಗ ಬಹಳ ಹೊತ್ತು ಸುಮ್ಮನೆ ಕೂತ. ಭಾಗವತರೂ ಕಾದರು. ಆಮೇಲೆ ಅವನು ವಾಲಿಗೆ ಉತ್ತರ ಕೊಡುವ ಬದಲು, ಅವನ ತಮ್ಮ ಸುಗ್ರೀವನ ಹೆಂಡತಿಯ ಬಗ್ಗೆ ಒಂದು ಪ್ರಶ್ನೆ ಕೇಳಿದ: "ರುಮೆಯನ್ನು ನೀನು ಕೇಳಿ ಇಟ್ಟುಕೊಂಡೆಯಾ?" ನನ್ನ ಹತ್ತಿರ ಆ ಹೊತ್ತಿಗೆ ಉತ್ತರ ಇರಲಿಲ್ಲ.